ಎರಡು ಸೂರ್ಯರನ್ನು ಸುತ್ತುವ ಗ್ರಹ ದಾರಿ ತಪ್ಪುವುದಿಲ್ಲವೇ?

ಪೆರ್ಲ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಕ್ಲಬ್ಬಿನಲ್ಲಿ ಈ ತಿಂಗಳು ಸೌರಮಂಡಲದ ಆಚೆಗಿನ ಗ್ರಹಗಳ ಬಗ್ಗೆ ಮಾತಾಡುತ್ತಿದ್ದೇವೆ. ಜೋಡಿ ನಕ್ಷತ್ರಗಳನ್ನು ಸುತ್ತುವ ಗ್ರಹಗಳೂ ಇವೆ ಎಂದ ಕೂಡಲೇ ಒಂಬತ್ತನೇ ಕ್ಲಾಸಿನ ಮಕ್ಕಳು ಬಿಡಲೇ ಇಲ್ಲ. ಅವರ ಪ್ರಶ್ನೆ ಇದು: ಒಂದು ಸೂರ್ಯ ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ ಎಳೆಯುತ್ತದೆ. ಎರಡೂ ಜಾಗ ಬದಲಿಸುತ್ತಲೇ ಇರುತ್ತವೆ. ಹಾಗಾದರೆ ಗ್ರಹ ದಾರಿ ತಪ್ಪುವುದಿಲ್ಲವೇ?

ಪುಸ್ತಕದ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸಲು ಮನಸ್ಸಿಲ್ಲ. ಮಕ್ಕಳಿಗೆ ಕನ್ನಡದಲ್ಲಿ, ಲೆಕ್ಕ ಸಮೇತ, ಅರ್ಥವಾಗುವ ಹಾಗೆ ಹೇಳಬೇಕು. ತಿಳಿದವರು ಬರೆಯಿರಿ.

ಕುಂಬಳೆ ಕಡಲಬದಿ

ಟೀಚರ್, ಮಕ್ಕಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಎಲ್ಲ ಇರುವುದು ಗ್ರಹ ಎಷ್ಟು ದೂರದಲ್ಲಿದೆ ಎಂಬುದರಲ್ಲಿ.

ಮೊದಲು ಎರಡು ನಕ್ಷತ್ರಗಳ ಸಂಗತಿ. ಅವು ಒಂದನ್ನೊಂದು ಸುತ್ತುತ್ತವೆ ಎನ್ನುತ್ತೇವಲ್ಲ, ನಿಜವಾಗಿ ಎರಡೂ ಸೇರಿ ನಡುವಿನ ಒಂದು ಬಿಂದುವನ್ನು ಸುತ್ತುತ್ತವೆ. ಭಾರದ ನಕ್ಷತ್ರ ಆ ಬಿಂದುವಿಗೆ ಹತ್ತಿರ, ಹಗುರದ್ದು ದೂರ. ಅಂಗಳದಲ್ಲಿ ದೊಡ್ಡಕ್ಕ ಪುಟ್ಟ ತಂಗಿಯ ಕೈ ಹಿಡಿದು ಗಿರಗಿರ ತಿರುಗಿಸುವ ಹಾಗೆ. ಅಕ್ಕನದು ನಿಂತಲ್ಲೇ ಸಣ್ಣ ಸುತ್ತು, ತಂಗಿಯದು ದೊಡ್ಡ ಸುತ್ತು.

ಗ್ರಹ ಇವೆರಡರಿಂದ ಸಾಕಷ್ಟು ದೂರ ಇದ್ದರೆ, ಎರಡರ ಭಾರವೂ ಆ ನಡುಬಿಂದುವಿನಲ್ಲೇ ಇದೆಯೋ ಎಂಬಂತೆ ಸುತ್ತುತ್ತದೆ. ಸಣ್ಣ ಅಲುಗಾಟ ಇದ್ದೇ ಇರುತ್ತದೆ, ಆದರೆ ದಾರಿ ಕೆಡುವುದಿಲ್ಲ. ಹತ್ತಿರ ಬಂದರೆ ಕಥೆ ಬೇರೆ. ಒಮ್ಮೆ ಈ ನಕ್ಷತ್ರ ಪಕ್ಕದಲ್ಲೇ ಹಾದು ಜಗ್ಗುತ್ತದೆ, ಇನ್ನೊಮ್ಮೆ ಆ ನಕ್ಷತ್ರ. ಜಗ್ಗಾಟ ಸೇರುತ್ತಾ ಸೇರುತ್ತಾ ಕೊನೆಗೆ ಗ್ರಹ ಹೊರಗೆ ಚಿಮ್ಮಿ ಹೋಗುತ್ತದೆ, ಇಲ್ಲವೇ ಒಂದು ನಕ್ಷತ್ರಕ್ಕೆ ಬಡಿಯುತ್ತದೆ.

ಈ ಹತ್ತಿರ-ದೂರಕ್ಕೆ ಒಂದು ಗೆರೆ ಇದೆ. 1999ರಲ್ಲಿ ಹೋಲ್ಮನ್ ಮತ್ತು ವೀಗರ್ಟ್ ಎಂಬ ಇಬ್ಬರು ಕಂಪ್ಯೂಟರಿನಲ್ಲಿ ಇಂಥ ಗ್ರಹಗಳನ್ನು ಓಡಿಸಿ ನೋಡಿ ಆ ಗೆರೆಯ ಸೂತ್ರ ಕೊಟ್ಟರು. ಎರಡು ನಕ್ಷತ್ರಗಳ ನಡುವೆ ಎಷ್ಟು ಅಂತರವೋ ಅದರ ಸುಮಾರು ಎರಡರಿಂದ ನಾಲ್ಕು ಪಟ್ಟು ದೂರ. ನಕ್ಷತ್ರಗಳ ದಾರಿ ದುಂಡಗಿದ್ದರೆ ಗೆರೆ ಹತ್ತಿರ ಇರುತ್ತದೆ. ಮೊಟ್ಟೆಯಾಕಾರ ಜಾಸ್ತಿಯಾದಷ್ಟು ಗೆರೆ ಹೊರಗೆ ಸರಿಯುತ್ತದೆ.

ಮುಳ್ಳೇರಿಯ ಪ್ಲಸ್ ಟು

ಅಣ್ಣ, ಇದು ಬರೀ ಕಂಪ್ಯೂಟರ್ ಲೆಕ್ಕವಾ, ಅಥವಾ ಅಂಥ ಗ್ರಹ ನಿಜವಾಗಿ ಆ ಗೆರೆಯ ಆಚೆಯೇ ಸಿಕ್ಕಿದೆಯಾ?

ಕುಂಬಳೆ ಕಡಲಬದಿ

ಸಿಕ್ಕಿದೆ ತಮ್ಮಾ. ಕೆಪ್ಲರ್-16ಬಿ. 2011ರ ಸೆಪ್ಟೆಂಬರಿನಲ್ಲಿ ಲಾರೆನ್ಸ್ ಡಾಯ್ಲ್ ಮತ್ತು ಸಂಗಡಿಗರು ಪ್ರಕಟಿಸಿದರು. ಎರಡು ನಕ್ಷತ್ರಗಳ ಮುಂದೆ ಗ್ರಹ ಹಾದುಹೋಗುವುದು ಅನುಮಾನಕ್ಕೆ ಎಡೆಯಿಲ್ಲದಂತೆ ಕಂಡದ್ದು ಅದೇ ಮೊದಲು. ನಮ್ಮಿಂದ ಸುಮಾರು 245 ಜ್ಯೋತಿರ್ವರ್ಷ ದೂರ, ರಾಜಹಂಸ ಪುಂಜದಲ್ಲಿ.

ಅಲ್ಲಿ ದೊಡ್ಡ ನಕ್ಷತ್ರ ನಮ್ಮ ಸೂರ್ಯನ ಸುಮಾರು 69 ಶೇಕಡಾ ಭಾರ, ಬಣ್ಣ ಕಿತ್ತಳೆ. ಸಣ್ಣದು 20 ಶೇಕಡಾ, ಬಣ್ಣ ಕೆಂಪು. ಎರಡೂ 41 ದಿನಕ್ಕೆ ಒಂದು ಸುತ್ತು ಮುಗಿಸುತ್ತವೆ. ಗ್ರಹ ಶನಿಯ ಜಾತಿಯದು, ಒಂದು ಸುತ್ತಿಗೆ 229 ದಿನ ಬೇಕು. ನಕ್ಷತ್ರಗಳ ನಡುವಿನ ಅಂತರ ಭೂಮಿ-ಸೂರ್ಯ ದೂರದ 0.22 ಪಾಲು. ಗ್ರಹ ಇರುವುದು 0.7 ಪಾಲಿನಲ್ಲಿ. ಭಾಗಿಸಿ ನೋಡು, ಮೂರು ಪಟ್ಟಿಗೆ ಸ್ವಲ್ಪ ಮೇಲೆ. ಈ ಜೋಡಿಯ ಗೆರೆಯಿಂದ ತುಸುವೇ ಆಚೆ.

ಇದೊಂದೇ ಅಲ್ಲ. ಆಮೇಲೆ ಸಿಕ್ಕಿದವುಗಳಲ್ಲಿ ತುಂಬ ಗ್ರಹಗಳು ಇದೇ ತರ ಗೆರೆಯ ಬದಿಯಲ್ಲೇ ಇವೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಇದೇ. ಆ ಜಾಗದಲ್ಲಿ ಗ್ರಹ ಹುಟ್ಟುವುದು ಕಷ್ಟ. ನಕ್ಷತ್ರಗಳ ಜಗ್ಗಾಟಕ್ಕೆ ಧೂಳು, ಕಲ್ಲುಗಳು ಒಂದಕ್ಕೊಂದು ಜೋರಾಗಿ ಬಡಿದು ಪುಡಿಯಾಗುತ್ತವೆ, ಅಂಟಿಕೊಂಡು ಬೆಳೆಯುವುದಿಲ್ಲ. ಹಾಗಾಗಿ ಗ್ರಹ ಹುಟ್ಟಿದ್ದು ದೂರದಲ್ಲಿ, ಆಮೇಲೆ ನಕ್ಷತ್ರಗಳ ಸುತ್ತ ತಟ್ಟೆಯಂತೆ ಹರಡಿದ್ದ ಅನಿಲದೊಳಗೆ ಮೆಲ್ಲ ಮೆಲ್ಲ ಒಳಗೆ ಸರಿಯಿತು ಎನ್ನುತ್ತಾರೆ. ನಡುವಿನ ಅನಿಲವನ್ನು ಜೋಡಿ ನಕ್ಷತ್ರ ಗುಡಿಸಿ ಖಾಲಿ ಮಾಡಿರುತ್ತದೆ. ಆ ಖಾಲಿ ಜಾಗದ ಅಂಚಿಗೆ ಬಂದಾಗ ಗ್ರಹ ಅಲ್ಲೇ ನಿಂತಿತು.

ನೀರ್ಚಾಲು ಅಜ್ಜ

ನಾನು ಪೌರೋಹಿತ್ಯ ಮಾಡುವವ. ಮದುವೆಯಲ್ಲಿ ಮದುಮಕ್ಕಳಿಗೆ ಅರುಂಧತಿ ತೋರಿಸುವುದು ನಮ್ಮ ಕೆಲಸ. ಹಗಲು ಮದುವೆಯಾದರೆ ಬಡಗು ದಿಕ್ಕಿಗೆ ಕೈ ತೋರಿಸಿ ಮುಗಿಸುತ್ತೇವೆ. ರಾತ್ರಿ ಸಪ್ತರ್ಷಿ ಮಂಡಲ ಕಾಣುವಾಗ ನಿಜವಾಗಿಯೂ ತೋರಿಸಿದ್ದೂ ಉಂಟು. ವಸಿಷ್ಠ, ಅರುಂಧತಿ ಇವರೂ ನೀವು ಹೇಳುವ ಜೋಡಿ ನಕ್ಷತ್ರವೇ ಆಗಬೇಕಲ್ಲ?

ಕುಂಬಳೆ ಕಡಲಬದಿ

ಅಜ್ಜ, ಅಲ್ಲಿ ಇಬ್ಬರಲ್ಲ, ಆರು ನಕ್ಷತ್ರಗಳಿವೆ. ಬರಿಗಣ್ಣಿಗೆ ವಸಿಷ್ಠ ಒಂದು, ಅರುಂಧತಿ ಒಂದು. ಸಣ್ಣ ದೂರದರ್ಶಕ ಹಿಡಿದರೆ ವಸಿಷ್ಠನೇ ಎರಡಾಗಿ ಕಾಣುತ್ತಾನೆ. ಆ ಎರಡರಲ್ಲಿ ಪ್ರತಿಯೊಂದೂ ಮತ್ತೆ ಜೋಡಿ. ದೂರದರ್ಶಕದಲ್ಲೂ ಬಿಡಿಸಿ ಕಾಣದಷ್ಟು ಹತ್ತಿರ ಇರುವುದರಿಂದ ಬೆಳಕನ್ನು ಬಣ್ಣಗಳಾಗಿ ಒಡೆದು ನೋಡಿಯೇ ತಿಳಿಯಬೇಕು. ಹಾಗೆ ಮೊದಲು ತಿಳಿದ ಜೋಡಿಯೂ ವಸಿಷ್ಠನದೇ, 1889ರಲ್ಲಿ. ಅರುಂಧತಿಗೂ ಒಂದು ಮಂಕು ಸಂಗಾತಿ ಇರುವುದು 2009ರಲ್ಲಿ ಗೊತ್ತಾಯಿತು. ನಾಲ್ಕು ಮತ್ತೆ ಎರಡು, ಒಟ್ಟು ಆರು. ದೂರ 80 ಜ್ಯೋತಿರ್ವರ್ಷಕ್ಕೆ ಸ್ವಲ್ಪ ಮೇಲೆ.

ನೀರ್ಚಾಲು ಅಜ್ಜ

ಬಹಳ ಸಂತೋಷ. ಮುಂದಿನ ಸಲ ಮಂಟಪದಲ್ಲಿ ಇದನ್ನೂ ಹೇಳುತ್ತೇನೆ. ಕೇಳುವ ಮಕ್ಕಳು ಇದ್ದೇ ಇರುತ್ತಾರೆ.

ತಾಳವಾಡಿ ಬೆಟ್ಟ

ಈರೋಡು ಜಿಲ್ಲೆಯ ತಾಳವಾಡಿಯಿಂದ ಬರೆಯುತ್ತಿದ್ದೇನೆ. ನಾವೂ ಕನ್ನಡ ಮಾತಾಡುವವರೇ. ಇಲ್ಲಿ ಕಾಡಿನ ಬದಿ, ರಾತ್ರಿ ಆಕಾಶ ಚೆನ್ನಾಗಿ ಕಪ್ಪಾಗಿರುತ್ತದೆ. ಮೇ ತಿಂಗಳಲ್ಲಿ ರಾತ್ರಿ 10 ಗಂಟೆ ದಾಟಿದ ಮೇಲೆ ತೆಂಕಣ ದಿಕ್ಕಿನಲ್ಲಿ ತಗ್ಗಿಗೆ ಆಲ್ಫಾ ಸೆಂಟಾರಿ ನೋಡುತ್ತೇವೆ. ಅದೂ ಜೋಡಿ ಅಲ್ವಾ? ಅಲ್ಲೂ ಗ್ರಹ ಎರಡನ್ನೂ ಸೇರಿಸಿ ಸುತ್ತಬಹುದೇ?

ಮಂಜೇಶ್ವರ ಕೋಡು

ಜೋಡಿಯಲ್ಲಿ ಗ್ರಹ ಇರಲು ಎರಡು ದಾರಿ ಇವೆ. ಒಂದು, ಎರಡನ್ನೂ ಸೇರಿಸಿ ಹೊರಗಿನಿಂದ ಸುತ್ತುವುದು. ಕೆಪ್ಲರ್-16 ಆ ತರ. ಇನ್ನೊಂದು, ಎರಡರಲ್ಲಿ ಒಂದರ ಹತ್ತಿರ ಇದ್ದು ಅದನ್ನು ಮಾತ್ರ ಸುತ್ತುವುದು. ಆಗ ಎರಡನೇ ನಕ್ಷತ್ರ ದೂರದಲ್ಲಿ ಇರಬೇಕು.

ಆಲ್ಫಾ ಸೆಂಟಾರಿಯ ಎ ಮತ್ತು ಬಿ ಎಂಬ ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೆ ಒಂದು ಸುತ್ತು ಹಾಕುತ್ತವೆ. ಹತ್ತಿರ ಬಂದಾಗ ಅಂತರ ನಮ್ಮ ಸೂರ್ಯನಿಂದ ಶನಿಯಷ್ಟು ದೂರಕ್ಕಿಂತ ತುಸು ಜಾಸ್ತಿ. ಹಾಗಾಗಿ ಅಲ್ಲಿ ಎರಡನೇ ದಾರಿಯೇ ಸಲೀಸು. 2025ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಿಂದ ಎ ನಕ್ಷತ್ರದ ಹತ್ತಿರ ಶನಿಯಷ್ಟು ಭಾರದ ಗ್ರಹ ಇರಬಹುದು ಎಂದು ತಿಳಿಸಿದರು. 2024ರಲ್ಲಿ ಒಮ್ಮೆ ಕಂಡಿತು, 2025ರಲ್ಲಿ ಮತ್ತೆ ನೋಡುವಾಗ ಕಾಣಲಿಲ್ಲ. ನಕ್ಷತ್ರದ ತೀರ ಹತ್ತಿರಕ್ಕೆ ಸರಿದಿದ್ದರೆ ಹಾಗೆ ಆಗುತ್ತದೆ. ಇನ್ನೂ ಖಚಿತ ಆಗಬೇಕು.

ಈ ಚರ್ಚೆ ಮೊದಲನೇ ದಾರಿಯ ಗ್ರಹಗಳ ಬಗ್ಗೆಯೇ ಇರಲಿ. ಅವುಗಳನ್ನು ಹುಡುಕುವ ಕಥೆ ಟೀಚರ್ ಮಕ್ಕಳಿಗೆ ಹೇಳಲೇಬೇಕು. ರಾತ್ರಿ ಬರೆಯುತ್ತೇನೆ.

ಅಡೂರು ತೋಟ

ನನ್ನದೊಂದು ಸಂಶಯ. ನಮಗೆ ಒಂದು ಸೂರ್ಯನ ಬಿಸಿಲೇ ಮೀನ ಮಾಸದಲ್ಲಿ ತಡೆಯುವುದಿಲ್ಲ. ಎರಡು ಸೂರ್ಯ ಇದ್ದರೆ ಅಲ್ಲಿ ಎಲ್ಲ ಸುಟ್ಟು ಹೋಗಬೇಕಲ್ಲ?

ಕುಂಬಳೆ ಕಡಲಬದಿ

ಕೆಪ್ಲರ್-16ಬಿಯಲ್ಲಿ ಚಳಿ ಅಣ್ಣ. ಮೈನಸ್ 70ರಿಂದ ಮೈನಸ್ 100 ಡಿಗ್ರಿ ಎಂದು ಅಂದಾಜು. ಸೂರ್ಯ ಎಷ್ಟಿದೆ ಎಂಬುದಕ್ಕಿಂತ ಪ್ರತಿ ಸೂರ್ಯ ಎಷ್ಟು ಉರಿಯುತ್ತದೆ ಎಂಬುದು ಮುಖ್ಯ. ಭಾರ ಕಡಿಮೆಯಾದರೆ ಬೆಳಕು ಅದಕ್ಕಿಂತ ಎಷ್ಟೋ ಜಾಸ್ತಿ ಕಡಿಮೆಯಾಗುತ್ತದೆ. ಅಲ್ಲಿನ ಕೆಂಪು ನಕ್ಷತ್ರ ಕೊಡುವುದು ಒಟ್ಟು ಬೆಳಕಿನ ನೂರರಲ್ಲಿ ಒಂದೆರಡು ಪಾಲು ಅಷ್ಟೇ.

ಅಲ್ಲಿನ ಆಕಾಶ ಹೇಗಿರಬಹುದು ಎಂದು ಲೆಕ್ಕ ಹಾಕಿ ನೋಡಿದ್ದೇನೆ. ಗ್ರಹಕ್ಕೆ ನಿಲ್ಲುವ ನೆಲ ಇಲ್ಲ, ಅನಿಲದ ಗ್ರಹ. ಅದಕ್ಕೊಂದು ಚಂದ್ರ ಇದ್ದು ನಾವು ಅದರ ಮೇಲೆ ನಿಂತಿದ್ದೇವೆ ಎಂದುಕೊಳ್ಳಿ. ಕಿತ್ತಳೆ ಸೂರ್ಯ ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ನಕ್ಷತ್ರ ಚಿಕ್ಕದು, ಆದರೆ ಹತ್ತಿರ ಇದೆ. ಕೆಂಪು ಸೂರ್ಯ ಅದರ ಮೂರನೇ ಒಂದು ಭಾಗ ಅಗಲ. ಎರಡೂ ಅತಿ ಹೆಚ್ಚು ದೂರ ಸರಿದಾಗ, ಕೈ ನೀಡಿ ಬೆರಳು ಬಿಡಿಸಿ ಹಿಡಿದರೆ ನಡುವೆ ಒಂದು ಗೇಣು. ನೆರಳು ಎರಡು ಬೀಳುತ್ತದೆ, ಒಂದು ಗಟ್ಟಿ, ಒಂದು ತೀರ ತೆಳು. ಆಮೇಲೆ ಹತ್ತಿರ ಹತ್ತಿರ ಬಂದು ಕೆಂಪು ಸೂರ್ಯ ಕಿತ್ತಳೆ ಸೂರ್ಯನ ಎದುರಿಗೆ ಹಾದುಹೋಗುತ್ತದೆ. ನಕ್ಷತ್ರಗಳ ಸುತ್ತು 41 ದಿನವಾದರೂ ಗ್ರಹವೂ ಅದೇ ದಿಕ್ಕಿಗೆ ಮುಂದೆ ಹೋಗಿರುವುದರಿಂದ ಅಲ್ಲಿಂದ ನೋಡುವವರಿಗೆ ಇದು ಸುಮಾರು 50 ದಿನಕ್ಕೊಮ್ಮೆ.

ಪ್ಲಸ್ ಟು ತಮ್ಮಾ, ಈ 50 ಹೇಗೆ ಬಂತು ನೀನೇ ಹೇಳು.

ಮುಳ್ಳೇರಿಯ ಪ್ಲಸ್ ಟು

41ರಲ್ಲಿ ಒಂದು ಭಾಗದಿಂದ 229ರಲ್ಲಿ ಒಂದು ಭಾಗ ಕಳೆಯಬೇಕು. ಬಂದದ್ದನ್ನು ತಿರುಗಿಸಬೇಕು. 41 ಗುಣಿಸು 229, ಭಾಗಿಸು 188. ಉತ್ತರ 49.9. ಗಡಿಯಾರದ ಎರಡು ಮುಳ್ಳು ಒಂದರ ಮೇಲೊಂದು ಬರುವ ಲೆಕ್ಕದ ಸೂತ್ರವೇ.

ಪೆರ್ಲ ಟೀಚರ್

ಭೇಷ್! ಇದನ್ನು ನಾಳೆಯೇ ಬೋರ್ಡಿನಲ್ಲಿ ಹಾಕುತ್ತೇನೆ.

ಮಂಜೇಶ್ವರ ಕೋಡು

ಈಗ ಹುಡುಕುವ ಕಥೆ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಮ್ಮ ಕಾಸರಗೋಡು ಜಿಲ್ಲೆಯವರು ಮರೆಯುವ ಹಾಗಿಲ್ಲ. ಚೆರುವತ್ತೂರಿನಲ್ಲಿ ಬೆಳಿಗ್ಗೆ 9.25ರ ಸುಮಾರಿಗೆ ಚಂದ್ರ ಸೂರ್ಯನ ನಡುವೆ ಕೂತು ಬಳೆಯಷ್ಟೇ ಉಳಿಯಿತು. ಬಿಸಿಲು ಒಂದು ತರ ಮಂಕಾಯಿತು. ಒಂದು ವಸ್ತು ನಕ್ಷತ್ರದ ಎದುರಿಗೆ ಬಂದರೆ ಬೆಳಕು ಕಡಿಮೆಯಾಗುತ್ತದೆ, ಅಷ್ಟೇ ಸೂತ್ರ. 2009ರಲ್ಲಿ ಹಾರಿಸಿದ ಕೆಪ್ಲರ್ ದೂರದರ್ಶಕ ಮಾಡಿದ್ದೂ ಅದೇ. ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಬೆಳಕನ್ನು ಅಳೆಯುತ್ತಾ ಕೂತಿತು.

ಒಂಟಿ ನಕ್ಷತ್ರಕ್ಕೆ ಗ್ರಹ ಇದ್ದರೆ ಬೆಳಕು ಲೆಕ್ಕ ತಪ್ಪದೆ, ಇಷ್ಟು ದಿನಕ್ಕೊಮ್ಮೆ ಎಂದು ಕುಗ್ಗುತ್ತದೆ. ಕಂಪ್ಯೂಟರ್ ಪ್ರೋಗ್ರಾಮುಗಳೂ ಹಾಗೆ ಸಮ ಅಂತರದಲ್ಲಿ ಬರುವ ಕುಗ್ಗುಗಳನ್ನೇ ಹುಡುಕುತ್ತವೆ. ಜೋಡಿಯಲ್ಲಿ ಇದು ನಡೆಯುವುದಿಲ್ಲ. ಗ್ರಹ ಒಂದು ಸುತ್ತು ಮುಗಿಸಿ ಬರುವಾಗ ನಕ್ಷತ್ರ ಹಿಂದಿನ ಜಾಗದಲ್ಲಿ ಇರುವುದೇ ಇಲ್ಲ. ಕೆಪ್ಲರ್-16ರಲ್ಲಿ ದೊಡ್ಡ ನಕ್ಷತ್ರದ ಬೆಳಕನ್ನು ಗ್ರಹ ತಡೆದ ಒಂದು ಸಲಕ್ಕೂ ಮುಂದಿನ ಸಲಕ್ಕೂ ನಡುವೆ 230 ದಿನ ಇತ್ತು. ಅದರ ಮುಂದಿನ ಸಲಕ್ಕೆ 221 ದಿನ. ಒಂಟಿ ನಕ್ಷತ್ರದ ಗ್ರಹದಲ್ಲಿ ಇಷ್ಟು ದೊಡ್ಡ ಹೆಚ್ಚುಕಡಿಮೆ ಬರುವುದಿಲ್ಲ. ಅದಲ್ಲದೆ ಎರಡು ನಕ್ಷತ್ರಗಳು ಒಂದನ್ನೊಂದು ಮರೆಮಾಡುವಾಗಲೂ ಬೆಳಕು ಕುಗ್ಗುತ್ತದೆ. ಸಣ್ಣದು ದೊಡ್ಡದರ ಎದುರಿಗೆ ಬಂದರೆ 13 ಶೇಕಡಾ. ಗ್ರಹ ಬಂದರೆ 2 ಶೇಕಡಾ ಕೂಡ ಇಲ್ಲ. ಈ ದೊಡ್ಡ ಏರಿಳಿತದ ನಡುವೆ ಆ ಸಣ್ಣ, ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಕುಗ್ಗನ್ನು ಹಿಡಿಯಬೇಕು.

ಇಲ್ಲಿಯೇ ಮನುಷ್ಯನ ಕಣ್ಣು ಗೆದ್ದದ್ದು. 2012ರಲ್ಲಿ ಪ್ರಕಟವಾದ ಪಿಎಚ್1 ಎಂಬ ಗ್ರಹವನ್ನು ಮೊದಲು ಗುರುತಿಸಿದ್ದು ಸಂಬಳದ ವಿಜ್ಞಾನಿಗಳಲ್ಲ. ಪ್ಲಾನೆಟ್ ಹಂಟರ್ಸ್ ಎಂಬ ಯೋಜನೆಯಲ್ಲಿ ಮನೆಯಲ್ಲಿ ಕೂತು ಕೆಪ್ಲರ್ ಅಳೆದ ಬೆಳಕಿನ ಏರಿಳಿತದ ಗೆರೆಚಿತ್ರಗಳನ್ನು ನೋಡುತ್ತಿದ್ದ ಇಬ್ಬರು, ಕಿಯಾನ್ ಜೆಕ್ ಮತ್ತು ರಾಬರ್ಟ್ ಗಾಗ್ಲಿಯಾನೊ. ಆ ಗ್ರಹ ಇರುವುದು ನಾಲ್ಕು ನಕ್ಷತ್ರಗಳ ಸಂಸಾರದಲ್ಲಿ. ಎರಡನ್ನು ಅದು ಸುತ್ತುತ್ತದೆ, ಇನ್ನೊಂದು ಜೋಡಿ ದೂರದಿಂದ ಇವನ್ನೆಲ್ಲ ಸುತ್ತುತ್ತದೆ.

ಇನ್ನೊಂದು, 2019ರದು. ವುಲ್ಫ್ ಕ್ಯೂಕಿಯರ್ ಎಂಬ 17 ವರ್ಷದ ಹುಡುಗ ಬೇಸಿಗೆ ರಜೆಯಲ್ಲಿ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಕೆಲಸ ಕಲಿಯಲು ಹೋದ. ಜೋಡಿ ನಕ್ಷತ್ರಗಳೆಂದು ಗುರುತು ಹಾಕಿದ ಟೆಸ್ ದೂರದರ್ಶಕದ ಚಿತ್ರಗಳನ್ನು ಒಂದೊಂದಾಗಿ ನೋಡುವ ಕೆಲಸ. ಮೂರನೇ ದಿನವೇ ಒಂದು ಕುಗ್ಗು ಕಂಡಿತು. ನಕ್ಷತ್ರಗಳ ಗ್ರಹಣ ಎನ್ನಲು ಹೊತ್ತು ಹೊಂದುತ್ತಿರಲಿಲ್ಲ. ಅದೇ ಟಿಒಐ-1338ಬಿ, ಭೂಮಿಯ ಸುಮಾರು 7 ಪಟ್ಟು ಅಗಲದ ಗ್ರಹ, ಎರಡು ನಕ್ಷತ್ರಗಳನ್ನು 95 ದಿನಕ್ಕೊಮ್ಮೆ ಸುತ್ತುತ್ತದೆ. ಟೆಸ್‌ಗೆ ಸಿಕ್ಕಿದ ಇಂಥ ಮೊದಲ ಗ್ರಹ.

ಪ್ಲಾನೆಟ್ ಹಂಟರ್ಸ್ ಈಗ ಟೆಸ್‌ನ ಚಿತ್ರಗಳನ್ನು ಹಾಕುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಟೀಚರ್, ಶಾಲೆಯ ಕಂಪ್ಯೂಟರ್ ಕೋಣೆ ಸಾಕು. ಇಂಗ್ಲಿಷ್ ಜಾಸ್ತಿ ಬೇಕಾಗಿಲ್ಲ. ಗೆರೆ ಎಲ್ಲಿ ಕೆಳಗೆ ಇಳಿಯಿತು ಎಂದು ಗುರುತು ಹಾಕಬೇಕು, ಅಷ್ಟೇ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಇದನ್ನು ಖಂಡಿತ ಮಾಡುತ್ತಾರೆ.

ಪೆರ್ಲ ಟೀಚರ್

ಓದುತ್ತಾ ಓದುತ್ತಾ ಎದ್ದು ನಿಂತೆ. ಮೂರನೇ ದಿನ! ಕಂಪ್ಯೂಟರ್ ಕೋಣೆಯ ಕೀಲಿ ಕೇಳುತ್ತೇನೆ.

ಒಂದು ಪ್ರಶ್ನೆ. ಕೆಪ್ಲರ್-16ಬಿಯ ಆ ಕುಗ್ಗನ್ನು ಮಕ್ಕಳು ಈಗಲೂ ಹೊಸದಾಗಿ ನೋಡಬಹುದೇ?

ಮಂಜೇಶ್ವರ ಕೋಡು

ಈಗ ಆಗುವುದಿಲ್ಲ. ಗ್ರಹದ ದಾರಿಯ ಓರೆ ನಿಧಾನಕ್ಕೆ ಬದಲಾಗುತ್ತದೆ. ಜೋಡಿ ನಕ್ಷತ್ರದ ಎಳೆತವೇ ಅದಕ್ಕೆ ಕಾರಣ. ನಮ್ಮ ಕಡೆಯಿಂದ ನೋಡಿದರೆ ಗ್ರಹ ಸಣ್ಣ ನಕ್ಷತ್ರದ ಎದುರಿಗೆ ಬರುವುದು 2014ಕ್ಕೇ ನಿಂತಿತು, ದೊಡ್ಡದರ ಎದುರಿಗೆ ಬರುವುದು 2018ಕ್ಕೆ. ಮತ್ತೆ ಶುರುವಾಗುವುದು 2042ರ ಸುಮಾರಿಗೆ.

ಅಷ್ಟರವರೆಗೆ ಗ್ರಹ ಕೈಬಿಟ್ಟು ಹೋಗಿಲ್ಲ. 2022ರಲ್ಲಿ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದ 193 ಸೆಂಟಿಮೀಟರ್ ದೂರದರ್ಶಕದಿಂದ ಅದನ್ನು ಬೇರೆ ರೀತಿಯಲ್ಲಿ ಹಿಡಿದರು. ಗ್ರಹ ಎಳೆದಾಗ ನಕ್ಷತ್ರ ಸ್ವಲ್ಪ ಹಿಂದೆ ಮುಂದೆ ಅಲುಗುತ್ತದೆ. ಬೆಳಕಿನ ಬಣ್ಣದಲ್ಲಿ ಅದು ತಿಳಿಯುತ್ತದೆ. ಇದಕ್ಕೆ ಗ್ರಹ ನಕ್ಷತ್ರದ ಎದುರಿಗೇ ಬರಬೇಕೆಂದಿಲ್ಲ. ನನ್ನ ಪ್ರಕಾರ ಮುಂದಿನ ಹತ್ತಿಪ್ಪತ್ತು ವರ್ಷ ಈ ದಾರಿಯೇ ಹೆಚ್ಚು ಫಲ ಕೊಡುವುದು.

ಕುಂಬಳೆ ಕಡಲಬದಿ

ಅದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅಲುಗಾಟದಿಂದ ಭಾರ ತಿಳಿಯುತ್ತದೆ, ಗಾತ್ರ ತಿಳಿಯುವುದಿಲ್ಲ. ಗಾತ್ರ ಗೊತ್ತಿಲ್ಲದೆ ಅದು ಕಲ್ಲಿನ ಗ್ರಹವೋ ಅನಿಲದ್ದೋ ಹೇಗೆ ಹೇಳುವುದು? ಕುಗ್ಗು ಬೇಕೇ ಬೇಕು.

ಮಂಜೇಶ್ವರ ಕೋಡು

ಎರಡೂ ಸಿಕ್ಕಿದರೆ ಒಳ್ಳೆಯದೇ. ಆದರೆ ಕುಗ್ಗು ಕಾಣಬೇಕಾದರೆ ದಾರಿ ನಮ್ಮ ಕಣ್ಣಿನ ನೇರಕ್ಕೇ ಬೀಳಬೇಕು. ಹಾಗೆ ಬೀಳದ ಗ್ರಹಗಳೇ ಜಾಸ್ತಿ. ಟಿಒಐ-1338ರಲ್ಲೇ ನೋಡಿ, ಎರಡನೇ ಗ್ರಹ 2023ರಲ್ಲಿ ಸಿಕ್ಕಿದ್ದು ಅಲುಗಾಟದಿಂದ. ಕುಗ್ಗನ್ನೇ ನಂಬಿ ಕೂತಿದ್ದರೆ ಅದು ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

ತಾಳವಾಡಿ ಬೆಟ್ಟ

ಜೀವ ಇರಬಹುದಾದ ಗ್ರಹ ಇಂಥಲ್ಲಿ ಇದೆಯೇ? ಬೆಳಕು ಹೀಗೆ ಏರಿ ಇಳಿದರೆ ಗಿಡ ಮರ ತಾಳುವುದಿಲ್ಲ ಎಂದು ನನಗೆ ಅನಿಸುತ್ತದೆ.

ಕುಂಬಳೆ ಕಡಲಬದಿ

ಜೋಡಿಯಿಂದ ಜೋಡಿಗೆ ಬದಲಾಗುತ್ತದೆ. ಕೆಪ್ಲರ್-34ರಲ್ಲಿ ಎರಡೂ ಹೆಚ್ಚುಕಡಿಮೆ ನಮ್ಮ ಸೂರ್ಯನಂಥವೇ. ಅಲ್ಲಿ ಗ್ರಹಕ್ಕೆ ಸಿಗುವ ಬೆಳಕು ಎರಡು ಪಟ್ಟಿಗೂ ಮೀರಿ ಏರಿಳಿಯುತ್ತದೆ. ಅಲ್ಲಿ ನಿಮ್ಮ ಮಾತು ಸರಿ. ಕೆಪ್ಲರ್-47ರಲ್ಲಿ ಹಾಗಿಲ್ಲ. ಒಂದು ಸೂರ್ಯನಂಥದ್ದು, ಇನ್ನೊಂದು ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಮಂಕು. ಆದ್ದರಿಂದ ಬೆಳಕು ಸಾಕಷ್ಟು ಸಮವಾಗಿದೆ. ಅಲ್ಲಿ ಮೂರು ಗ್ರಹಗಳಿವೆ. ಹೊರಗಿನದು 303 ದಿನಕ್ಕೆ ಸುತ್ತುತ್ತದೆ, ನೀರು ದ್ರವವಾಗಿ ಉಳಿಯಬಹುದಾದ ದೂರದಲ್ಲೇ ಇದೆ. ಆದರೆ ಗಾತ್ರ ನೆಪ್ಚೂನಿಗಿಂತ ದೊಡ್ಡದು, ನೆಲ ಇರಲಾರದು.

ಮುಳ್ಳೇರಿಯ ಪ್ಲಸ್ ಟು

ಬರಿಗಣ್ಣಿಗೆ ಜೋಡಿ ನಕ್ಷತ್ರದ ಗ್ರಹಣ ಕಾಣುವ ಜಾಗ ಆಕಾಶದಲ್ಲಿ ಇದೆಯಾ ಅಣ್ಣ? ನನ್ನ ಹತ್ತಿರ ದೂರದರ್ಶಕ ಇಲ್ಲ.

ಕುಂಬಳೆ ಕಡಲಬದಿ

ಇದೆ. ಅಲ್ಗೋಲ್. ಪರ್ಸಿಯಸ್ ಪುಂಜದಲ್ಲಿ. ಮಳೆ ಪೂರ್ತಿ ಬಿಟ್ಟ ಮೇಲೆ, ಡಿಸೆಂಬರ್-ಜನವರಿಯಲ್ಲಿ ರಾತ್ರಿ 8-9 ಗಂಟೆಗೆ ಬಡಗು ದಿಕ್ಕಿನಲ್ಲಿ ಚೆನ್ನಾಗಿ ಮೇಲೆ ಬರುತ್ತದೆ. ಮಾಮೂಲಿ ದಿನ ಅದರ ಪ್ರಕಾಶ 2.1 (ಈ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟು ನಕ್ಷತ್ರ ಮಂಕು). ಪಕ್ಕದ ಆಂಡ್ರೊಮಿಡಾ ಪುಂಜದ ಅಲ್ಮಾಕ್ ನಕ್ಷತ್ರದಷ್ಟೇ. 2 ದಿನ, 20 ಗಂಟೆ, 49 ನಿಮಿಷಕ್ಕೊಮ್ಮೆ ಮಂಕು ಸಂಗಾತಿ ಎದುರಿಗೆ ಬಂದು ಪ್ರಕಾಶ 3.4ಕ್ಕೆ ಇಳಿಯುತ್ತದೆ. ಇಳಿದು ಏರಲು ಒಟ್ಟು ಹತ್ತು ಗಂಟೆಯಷ್ಟು ಹಿಡಿಯುತ್ತದೆ. ಆಗ ಅಲ್ಮಾಕ್ ಜತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

1783ರಲ್ಲಿ ಇಂಗ್ಲೆಂಡಿನ ಯಾರ್ಕಿನಲ್ಲಿ ಜಾನ್ ಗುಡ್ರಿಕ್ ಎಂಬ 18 ವರ್ಷದ ಹುಡುಗ ಬರಿಗಣ್ಣಿನಿಂದಲೇ ಈ ಲೆಕ್ಕ ಹಿಡಿದ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಏನೋ ಒಂದು ಕತ್ತಲೆಯ ಕಾಯ ಎದುರಿಗೆ ಹಾದುಹೋಗುತ್ತಿರಬೇಕು ಎಂದೂ ಆಗಲೇ ಹೇಳಿದ.

ಮುಳ್ಳೇರಿಯ ಪ್ಲಸ್ ಟು

ಹಾಗಾದರೆ ಅಲ್ಗೋಲ್ ಜೋಡಿಗೂ ಗ್ರಹ ಇರಬೇಕಲ್ಲ?

ಮಂಜೇಶ್ವರ ಕೋಡು

ಯಾವುದೂ ಸಿಕ್ಕಿಲ್ಲ. ಅದಕ್ಕೊಂದು ಹಿನ್ನೆಲೆ ಇದೆ. ಕೆಪ್ಲರ್ ಕಂಡ ಗ್ರಹಣದ ಜೋಡಿಗಳು ಸಾವಿರಗಟ್ಟಲೆ. ಅವುಗಳಲ್ಲಿ ಹೆಚ್ಚಿನವು ವಾರದೊಳಗೆ ಒಂದನ್ನೊಂದು ಸುತ್ತುವಂಥವು. ಆದರೆ ಅದಕ್ಕೆ ಸಿಕ್ಕಿದ ಗ್ರಹಗಳೆಲ್ಲ ಅದಕ್ಕಿಂತ ನಿಧಾನದ ಜೋಡಿಗಳಲ್ಲೇ ಇವೆ. ಎಲ್ಲಕ್ಕಿಂತ ಬೇಗ ಸುತ್ತುವುದು ಕೆಪ್ಲರ್-47ರ ಜೋಡಿ, 7.45 ದಿನ.

ಒಂದು ವಿವರಣೆ ಹೀಗೆ. ಇಷ್ಟು ಹತ್ತಿರದ ಜೋಡಿ ಹುಟ್ಟುವಾಗಲೇ ಹಾಗಿರಲಿಲ್ಲ. ದೂರದ ಮೂರನೇ ನಕ್ಷತ್ರವೊಂದು ಅವುಗಳ ದಾರಿಯನ್ನು ಎಳೆದು ಉದ್ದ ಮಾಡಿತು. ಹತ್ತಿರ ಹಾಯುವಾಗ ಒಂದನ್ನೊಂದು ಹಿಗ್ಗಿಸಿ ಕುಗ್ಗಿಸಿ, ಬರಬರುತ್ತಾ ದಾರಿ ಸಣ್ಣದಾಯಿತು. ಇಷ್ಟೆಲ್ಲ ಆಗುವಾಗ ಅವುಗಳ ಸುತ್ತ ಇದ್ದ ಗ್ರಹ ಉಳಿಯುವುದು ಕಷ್ಟ, ಉಳಿದರೂ ಓರೆ ದಾರಿಗೆ ಬಿದ್ದು ನಮ್ಮ ಕಣ್ಣಿನ ನೇರಕ್ಕೆ ಬರುವುದಿಲ್ಲ. ಅಲ್ಗೋಲ್‌ಗೆ ನಿಜವಾಗಿಯೂ ಮೂರನೇ ನಕ್ಷತ್ರ ಇದೆ, ಸುಮಾರು 680 ದಿನಕ್ಕೆ ಸುತ್ತುತ್ತದೆ.

ಪೆರ್ಲ ಟೀಚರ್

ಡಿಸೆಂಬರಿನಲ್ಲಿ ಮಕ್ಕಳಿಂದ ಇದನ್ನು ಮಾಡಿಸುತ್ತೇನೆ. ಯಾವ ರಾತ್ರಿ ಎಂದು ಹೇಗೆ ತಿಳಿಯುವುದು?

ಕುಂಬಳೆ ಕಡಲಬದಿ

ಒಂದು ಸಲದ ಹೊತ್ತು ಸಿಕ್ಕಿದರೆ ಸಾಕು, ಉಳಿದದ್ದು ಕೂಡಿಸುವ ಲೆಕ್ಕ. ಶುಕ್ರವಾರ ರಾತ್ರಿ 11ಕ್ಕೆ ತೀರ ಮಂಕಾಗಿತ್ತು ಎನ್ನಿ. ಮುಂದಿನದು ಸೋಮವಾರ ಸಂಜೆ 7.49. ಅಂದರೆ ಮೂರು ದಿನಕ್ಕೆ ಮೂರು ಗಂಟೆ ಹನ್ನೊಂದು ನಿಮಿಷ ಮುಂಚೆ. ಸಂಜೆಗೆ ಬೀಳುವ ಸಲ ತಿಂಗಳಿಗೆ ಕೆಲವೇ. ಆ ತಿಂಗಳ ಮೊದಲ ಹೊತ್ತು ನಾನು ಇಲ್ಲಿ ಹಾಕುತ್ತೇನೆ, ಉಳಿದವನ್ನು ಮಕ್ಕಳೇ ಕೂಡಿಸಲಿ.

ಅಡೂರು ತೋಟ

ನಮ್ಮ ಗುಡ್ಡೆಯ ಮೇಲೆ ಬೀದಿ ದೀಪ ಇಲ್ಲ, ಬಡಗು ಕಡೆ ಮರವೂ ಅಡ್ಡ ಇಲ್ಲ. ಮಕ್ಕಳನ್ನು ಕರಕೊಂಡು ಬನ್ನಿ ಟೀಚರೇ. ಜೀಪು ಗೇಟಿನವರೆಗೆ ಬರುತ್ತದೆ, ಊಟ ನಮ್ಮಲ್ಲೇ.